ಪಿಎಚ್‌ಡಿ ಮುಗಿಯುತ್ತಿದೆ. ಪೋಸ್ಟ್‌ಡಾಕ್ ಮಾಡಲಾ, ಸಂಶೋಧನೆ ಬಿಟ್ಟು ಹೊರಗೆ ಹೋಗಲಾ?

ಮಿಣುಕುಚುಕ್ಕಿ:

ನಾನು ಪಿಎಚ್‌ಡಿ ಐದನೇ ವರ್ಷದಲ್ಲಿದ್ದೇನೆ. ಥೀಸಿಸ್ ಬರೆಯಬೇಕಾದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸ ಆರ್‌ಆರ್ ಲೈರೇ ನಕ್ಷತ್ರಗಳ ಮೇಲೆ. ಅರ್ಧ ದಿನಕ್ಕೊಮ್ಮೆ ಉಬ್ಬಿ ಕುಗ್ಗುವ ಮುದಿ ನಕ್ಷತ್ರಗಳು ಇವು. ಆ ಲಯ ಗೊತ್ತಾದರೆ ಎಷ್ಟು ದೂರ ಇವೆ ಅಂತ ಲೆಕ್ಕ ಹಾಕಬಹುದು. ಗಾಯಾ ಬಾಹ್ಯಾಕಾಶ ದೂರದರ್ಶಕದ 2022ರ ಪಟ್ಟಿಯಲ್ಲೇ ಇಂಥವು ಎರಡೂವರೆ ಲಕ್ಷಕ್ಕೂ ಜಾಸ್ತಿ ಇವೆ. ನಾನು ಅರೆದು ಕುಡಿದಿರುವುದು 412. ಅದೂ ನೆಲದ ಮೇಲಿನ ದೂರದರ್ಶಕದ ಡೇಟಾ.

ಈಗ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸದ, ಅರ್ಜಿಗಳ ಕಾಲ. ಮುಂದಿನ ವರ್ಷ ಶುರುವಾಗುವ ಕೆಲಸಕ್ಕೆ ಈ ವರ್ಷದ ಕೊನೆಯೊಳಗೇ ಹಾಕಬೇಕು. ಗೈಡ್ ಎರಡು ಕಡೆ ಮಾತಾಡಿ ಇಟ್ಟಿದ್ದಾರೆ, ಎರಡೂ ಬೇರೆ ಬೇರೆ ಖಂಡ. ಅಲ್ಲಿ ಎರಡು ವರ್ಷ, ಆಮೇಲೆ ಇನ್ನೆಲ್ಲೋ ಮೂರು ವರ್ಷ. ಅದಾದ ಮೇಲೂ ಪರ್ಮನೆಂಟ್ ಕೆಲಸ ಸಿಗುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ನನ್ನ ಗಂಡನಿಗೂ ಒಂದು ಕೆಲಸ ಇದೆ. ಅವನನ್ನು ಎಷ್ಟು ಸಲ ಕಿತ್ತು ನೆಡೋದು?

ಲ್ಯಾಬಿನಲ್ಲಿ ಹೊರಗೆ ಹೋಗುವ ಮಾತೆತ್ತಿದರೆ ಯಾರೋ ತೀರಿಕೊಂಡರು ಅನ್ನುವ ಹಾಗೆ ಮುಖ ಮಾಡುತ್ತಾರೆ. ಹೋದವರ ಹೆಸರು ಗುಂಪಿನ ವೆಬ್‌ಪುಟದಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಹಾಗಾಗಿ ಕೇಳೋಕೂ ಯಾರೂ ಇಲ್ಲ.

412 ನಕ್ಷತ್ರ ಗೊತ್ತಿರುವವಳಿಗೆ ಯಾರು ಕೆಲಸ ಕೊಡುತ್ತಾರೆ? ‘ಫಿಸಿಕ್ಸ್ ಓದಿದವರು ಏನು ಬೇಕಾದರೂ ಮಾಡಬಹುದು’ ಅಂತ ಮಾತ್ರ ಹೇಳಬೇಡಿ, ಅದು ಕೇಳಿ ಕೇಳಿ ಸಾಕಾಗಿದೆ. ನೀವು ಬೆಳಗ್ಗೆ ಹೋಗಿ ಕೂತು ಏನು ಮಾಡುತ್ತೀರಿ? ಅದನ್ನು ಹೇಳಿ.

ಪಂಪ್‌ಶಾಸ್ತ್ರಿ:

ಎರಡು ಪೋಸ್ಟ್‌ಡಾಕ್ ಮುಗಿಸಿ, ಮೂರನೆಯದಕ್ಕೆ ಗಂಟುಮೂಟೆ ಕಟ್ಟುವ ಹೊತ್ತಿಗೆ ಬಿಟ್ಟವನು ನಾನು. ಮೊದಲು ಎಕ್ಸ್‌ರೇ ಸೂಸುವ ಜೋಡಿ ನಕ್ಷತ್ರ ನೋಡುತ್ತಿದ್ದೆ. ಈಗ ಪಂಪ್ ನೋಡುತ್ತೇನೆ. ದೊಡ್ಡ ದೊಡ್ಡ ಪಂಪ್‌ಗಳ ಬೇರಿಂಗ್ ಹತ್ತಿರ ಸೆನ್ಸರ್ ಅಂಟಿಸಿರುತ್ತಾರೆ. ಎಷ್ಟು ನಡುಗುತ್ತಿದೆ ಅಂತ ಅದು ಅಂಕಿ ಕಳಿಸುತ್ತಿರುತ್ತದೆ. ಕೆಟ್ಟು ನಿಲ್ಲುವ ಮುಂಚೆ ನಾವು ಹೇಳಬೇಕು.

ಶುರುವಿನಲ್ಲಿ 11 ಪುಟದ ಸಿವಿ ಎಲ್ಲ ಕಡೆ ಕಳಿಸಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ಗೆಳತಿಯೊಬ್ಬಳು ಓದಿ, ‘ಪೇಪರ್ ಎಲ್ಲಿ ಬಂತು ಅಂತ ಇದೆ. ನೀನು ಏನು ಮಾಡಿದೆ ಅಂತಲೇ ಇಲ್ವಲ್ಲ’ ಅಂದಳು. ಸಿಟ್ಟು ಬಂತು. ಒಂದು ವಾರ ಬಿಟ್ಟು ಒಂದು ಪುಟಕ್ಕೆ ಇಳಿಸಿದೆ.

ನಿಮಗೆ ಲಾಂಬ್–ಸ್ಕಾರ್ಗಲ್ ಗೊತ್ತೇ ಇರುತ್ತದೆ. ಲಾಂಬ್ 1976ರಲ್ಲಿ, ಸ್ಕಾರ್ಗಲ್ 1982ರಲ್ಲಿ ಬರೆದದ್ದು. ಮೋಡ ಬಂತು, ಹಗಲಾಯಿತು ಅಂತ ನಡುನಡುವೆ ತೂತು ಬಿದ್ದ ಡೇಟಾದಲ್ಲಿ ಲಯ ಹುಡುಕುವ ದಾರಿ. ಪಂಪಿನ ಡೇಟಾಗೂ ಅದೇ ಗತಿ. ನೆಟ್‌ವರ್ಕ್ ಸಿಕ್ಕಾಗಷ್ಟೇ ಸೆನ್ಸರ್ ಬಾಯಿ ಬಿಡುತ್ತದೆ.

ಇಂಟರ್‌ವ್ಯೂನಲ್ಲಿ ಮೂರು ತಿಂಗಳ ಅಂಕಿ ಕೊಟ್ಟು, ‘ಏನು ಕೆಟ್ಟಿದೆ ಹೇಳಿ’ ಅಂದರು. ಪೀರಿಯಡೋಗ್ರಾಮ್ (ಯಾವ ಲಯ ಎಷ್ಟು ಬಲವಾಗಿದೆ ಅಂತ ತೋರಿಸುವ ಗ್ರಾಫ್) ತೆಗೆದರೆ 24 ಗಂಟೆಯ ಹತ್ತಿರ ಕಂಬದ ಹಾಗೆ ಒಂದು ಶಿಖರ. ಬೇರಿಂಗ್ ಬಗ್ಗೆ ನನಗೆ ಆಗ ಏನೇನೂ ಗೊತ್ತಿರಲಿಲ್ಲ. ಆದರೆ ಸಮಯದ ಕಾಲಮ್ ನೋಡಿದೆ. ಹೆಚ್ಚುಕಡಿಮೆ ಎಲ್ಲ ಅಳತೆಯೂ ರಾತ್ರಿ 2ರಿಂದ 3ರೊಳಗೆ. ರಾತ್ರಿ ಮಾತ್ರ ಆಕಾಶ ನೋಡುವವರಿಗೆ ಇದು ಹಳೇ ಶತ್ರು ಅಲ್ವಾ! ‘ಈ 24 ಗಂಟೆ ಪಂಪಿನದಲ್ಲ, ನೀವು ನೋಡಿದ ಹೊತ್ತಿನದು. ಪಂಪ್ ವಾರಗಟ್ಟಲೆ ಮೆಲ್ಲಗೆ ಹದಗೆಡುತ್ತಿದೆ, ಅದರ ನೆರಳು ಇಲ್ಲಿ ಬಿದ್ದಿದೆ’ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಶಿಖರ ನಂಬಿ ಅದೇ ಪಂಪಿನ ಬಿಡಿಭಾಗವನ್ನು ಒಮ್ಮೆ ಸುಮ್ನೆ ಬದಲಾಯಿಸಿದ್ದರಂತೆ.

ಎಲ್ಲ ಚೆನ್ನಾಗಿದೆ ಅಂತಲ್ಲ. ಅರ್ಧ ದಿನ ಮೀಟಿಂಗ್. ಒಂದು ಸಲ ಓಡಿದರೆ ಸಾಕು ಅನ್ನುವ ಕೋಡ್ ಬರೆದು ಬರೆದು ನನ್ನ ಕೈ ಕೆಟ್ಟಿತ್ತು. ಬೇರೆಯವರು ಓದುವ ಹಾಗೆ ಬರೆಯೋದನ್ನು ಹೊಸದಾಗಿ ಕಲಿಯಬೇಕಾಯಿತು. ಇನ್ನೊಂದು, ಕುತೂಹಲಕ್ಕೆ ಅಂತ ಒಂದು ವಾರ ಕೇಳಿದರೆ ಯಾರೂ ಕೊಡಲ್ಲ.

ಲೋಹದಗುಂಡು:

ಡೇಟಾ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತ ಅಂದುಕೊಳ್ಳಬೇಡಿ. ನನ್ನ ಪಿಎಚ್‌ಡಿ ಕಣಗಳ ಡಿಟೆಕ್ಟರ್ ಮೇಲೆ. ಈಗ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್. ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ರೇಡಿಯೇಷನ್ ಕೊಡುವ ಯಂತ್ರದ ಡೋಸ್ ಅಳೆಯುತ್ತೇನೆ. ಶೇ. 3ಕ್ಕಿಂತ ಜಾಸ್ತಿ ಆಚೀಚೆ ಆದರೆ ಯಂತ್ರ ನಿಲ್ಲಿಸುವುದೇ. ಕೆಲವು ದಿನ ಒಂದು ಪುಟ್ಟ ಲೋಹದ ಗುಂಡನ್ನು ಸರಿಯಾಗಿ ನಡುವಿಗೆ ಇಟ್ಟು, ಸುತ್ತ ಬೇರೆ ಬೇರೆ ಕೋನದಿಂದ ಕಿರಣ ಬಿಟ್ಟು ಚಿತ್ರ ತೆಗೆಯುತ್ತೇವೆ. ಪ್ರತಿ ಚಿತ್ರದಲ್ಲೂ ಗುಂಡಿನ ನೆರಳು ನಡುವಲ್ಲೇ ಇರಬೇಕು. ಒಂದು ಮಿಲಿಮೀಟರ್ ಸರಿದರೂ ತಲೆ ಕೆಡಿಸಿಕೊಳ್ಳುತ್ತೇವೆ. ಯಾಕೆಂದರೆ ಗುಂಡಿನ ಜಾಗದಲ್ಲಿ ನಾಳೆ ಯಾರದೋ ಮೆದುಳಿನ ಗೆಡ್ಡೆ ಇರುತ್ತದೆ.

ಆದರೆ ಪಿಎಚ್‌ಡಿ ತೋರಿಸಿ ನೇರ ಒಳಗೆ ಹೋಗುವ ಕೆಲಸ ಅಲ್ಲ ಇದು. ಮತ್ತೆ ಕೋರ್ಸ್, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ, ಪರೀಕ್ಷೆ. 32ನೇ ವಯಸ್ಸಿನಲ್ಲಿ ಮತ್ತೆ ಟ್ರೈನಿ ಆಗೋದು ಅಷ್ಟು ಸುಲಭ ಇರಲಿಲ್ಲ.

ರಾತ್ರಿಪಾಳಿ:

ಒಳಗೇ ಉಳಿದವನ ಮಾತೂ ಒಂದಿರಲಿ. ಉಳಿದವರೆಲ್ಲ ಪ್ರೊಫೆಸರ್ ಆಗುವುದಿಲ್ಲ. ನಾನು ವೀಕ್ಷಣಾಲಯದ ಸಿಬ್ಬಂದಿ. ದೂರದರ್ಶಕದ ಸಮಯ ಕೇಳಿ ಬರುವ ಅರ್ಜಿಗಳು ನಡೆಯುವಂಥವಾ ಅಂತ ನೋಡೋದು, ಡೇಟಾ ಸ್ವಚ್ಛ ಮಾಡುವ ಸಾಫ್ಟ್‌ವೇರ್ ಪೈಪ್‌ಲೈನ್ ಕೆಟ್ಟಾಗ ರಿಪೇರಿ ಮಾಡೋದು. 2024ರ ಅಕ್ಟೋಬರ್‌ನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಬಂದ ಅರ್ಜಿ 2,300ಕ್ಕೂ ಜಾಸ್ತಿ. ಇದ್ದ ಸಮಯದ ಸುಮಾರು ಒಂಬತ್ತು ಪಟ್ಟು ಕೇಳಿದ್ದರು. ಇದನ್ನೆಲ್ಲ ನಡೆಸೋಕೆ ಜನ ಬೇಕಲ್ಲ? ಈ ಕೆಲಸಗಳ ಬಗ್ಗೆ ಗೈಡ್‌ಗಳು ಹೇಳುವುದೇ ಕಡಿಮೆ.

ಪಂಪ್‌ಶಾಸ್ತ್ರಿಗಳು ಒಂದು ವಿಷಯ ಬಿಟ್ಟರು. ಹೊರಗೆ ಹೋದ ಮೇಲೆ ವಾಪಸ್ ಬರೋದು ತುಂಬಾ ಕಷ್ಟ. ಎರಡು ವರ್ಷ ಪೇಪರ್ ಬರದಿದ್ದರೆ ಸಾಕು, ಅರ್ಜಿ ನೋಡುವವರು ಹುಬ್ಬೇರಿಸುತ್ತಾರೆ. ‘ಕ್ವೀನ್’ ಬ್ಯಾಂಡಿನ ಬ್ರಯಾನ್ ಮೇ ಖಗೋಳವಿಜ್ಞಾನದ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು, ಮೂವತ್ತು ವರ್ಷಕ್ಕೂ ಮೇಲೆ ಗಿಟಾರ್ ಬಾರಿಸಿ ಬಂದು 2007ರಲ್ಲಿ ಅದನ್ನು ಮುಗಿಸಿದರು ನಿಜ. ಅದನ್ನು ಪ್ಲಾನ್ ಅಂತ ಇಟ್ಟುಕೊಳ್ಳಬೇಡಿ.

ಮಿಣುಕುಚುಕ್ಕಿ:

ಎಲ್ಲರಿಗೂ ಥ್ಯಾಂಕ್ಸ್. ವೀಕ್ಷಣಾಲಯದ ಕೆಲಸಕ್ಕೂ ಒಂದು ಅರ್ಜಿ ಹಾಕುತ್ತೇನೆ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಪೋಸ್ಟ್‌ಡಾಕ್ ಒಂದೇ ಕಡೆ, ಗಂಡನಿಗೂ ಕೆಲಸ ಸಿಗಬಹುದಾದ ಕಡೆ.

ಪಂಪ್‌ಶಾಸ್ತ್ರಿಗಳೇ, ನಿಮ್ಮ 24 ಗಂಟೆಯ ಕಥೆ ಓದಿ ನಗು ಬಂತು. ನನ್ನ ಮೂರನೇ ಅಧ್ಯಾಯದಲ್ಲಿ ಒಂದು ದಿನದ ಸುಳ್ಳು ಲಯಗಳನ್ನು ಹಿಡಿಯೋದು ಹೇಗೆ ಅಂತ ನಾಲ್ಕು ಪುಟ ಇದೆ. 412ರಲ್ಲಿ 37 ನಕ್ಷತ್ರಗಳ ಲಯ ಹಾಗೇ ತಪ್ಪಾಗಿತ್ತು. ‘ಇದರಲ್ಲಿ ವಿಜ್ಞಾನ ಇಲ್ಲ, ಅನುಬಂಧಕ್ಕೆ ತಳ್ಳು’ ಅಂತ ಗೈಡ್ ಹೇಳಿದ್ದಾರೆ.

ಪಂಪ್‌ಶಾಸ್ತ್ರಿ:

ಥೀಸಿಸ್‌ನಲ್ಲಿ ಎಲ್ಲಿ ಬೇಕಾದರೂ ಇರಲಿ, ಸಿವಿಯಲ್ಲಿ ಮೊದಲ ಸಾಲಿಗೆ ತನ್ನಿ. ಆ ನಾಲ್ಕು ಪುಟ ನನಗೂ ಕಳಿಸಿ, ನಮ್ಮ ತಂಡದವರಿಗೆ ಓದಿಸಬೇಕು.