ಆರ್‌ವಿ ಕನ್ವರ್ಟರ್ 55 ಆಂಪ್ ಅಂತಿದೆ, ಬ್ಯಾಟರಿ ಯಾಕೆ ತುಂಬ್ತಿಲ್ಲ?

ಹೊಸಗಾಲಿ:
ಸೆಕೆಂಡ್ ಹ್ಯಾಂಡ್ ಆರ್‌ವಿ (ಒಳಗೇ ವಾಸ ಮಾಡೋ ಗಾಡಿ) ನಂದು. ಕನ್ವರ್ಟರ್ ಮೇಲೆ 55 ಆಂಪ್ ಅಂತ ಬರೆದಿದೆ, ಬ್ಯಾಟರಿ 100 ಆಂಪ್ ಅವರ್‌ದು, ಮಾಮೂಲಿ ನೀರು ಹಾಕೋ ಲೆಡ್ ಆಸಿಡ್. ಅರ್ಧ ಖಾಲಿಯಾದಾಗ ಕರೆಂಟಿಗೆ ಚುಚ್ಚಿದ್ರೆ ಒಂದು ಗಂಟೇಲಿ ಫುಲ್ ಆಗ್ಬೇಕು ತಾನೆ? ಚುಚ್ಚಿದ ತಕ್ಷಣ ಪ್ಯಾನಲ್ ಮೀಟರ್ 13.6 ವೋಲ್ಟ್ ತೋರ್ಸುತ್ತೆ, ಸರಿ ತುಂಬ್ತು ಅಂತ ಎರಡು ಗಂಟೆ ಬಿಟ್ಟು ಪ್ಲಗ್ ಕಿತ್ರೆ ಸಂಜೆ ಹೊತ್ತಿಗೆ 12.2ಕ್ಕೆ ಬಂದು ಕೂತಿರುತ್ತೆ. ಕನ್ವರ್ಟರ್ ಕೆಟ್ಟಿದ್ಯಾ, ಬ್ಯಾಟರಿ ಹೋಗಿದ್ಯಾ? ಇನ್ನೊಂದು, ಕನ್ವರ್ಟರ್ ಇನ್ವರ್ಟರ್ ಎರಡೂ ಒಂದೇನಾ?

ವೋಲ್ಟ್‌ಮಾಮ:
ಒಂದೇ ಅಲ್ಲ. ಹೊರಗಿನ ಎಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ 12 ವೋಲ್ಟ್ ಡಿಸಿ ಮಾಡೋದು ಕನ್ವರ್ಟರ್, ಬ್ಯಾಟರಿಯಿಂದ ಎಸಿ ಕರೆಂಟು ಮಾಡೋದು ಇನ್ವರ್ಟರ್.
ನೀವು ನೋಡ್ತಿರೋ 13.6 ಬ್ಯಾಟರಿದಲ್ಲ ಮಾರಾಯ್ರೆ, ಕನ್ವರ್ಟರ್‌ದು! ಪ್ಲಗ್ ಕಿತ್ತು, ಲೈಟು ಫ್ಯಾನು ಎಲ್ಲ ಆಫ್ ಮಾಡಿ, ನಾಲ್ಕೈದು ಗಂಟೆ ಬಿಟ್ಟು ಅಳೀರಿ, 12.6-12.7 ಬಂದ್ರೆ ಫುಲ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ.
55 ಅನ್ನೋದು ಅದು ಕೊಡಬಲ್ಲ ಗರಿಷ್ಠ ಅಷ್ಟೆ, ಅದ್ರಲ್ಲೂ ಲೈಟು, ಫ್ಯಾನು, ಪಂಪು ಪಾಲು ತಗೊಳ್ತವೆ. ಬ್ಯಾಟರಿ ಎಷ್ಟು ಎಳ್ಕೊಳ್ಳುತ್ತೆ ಅನ್ನೋದು ಕನ್ವರ್ಟರ್, ಬ್ಯಾಟರಿ ಎರಡರ ವೋಲ್ಟೇಜ್ ವ್ಯತ್ಯಾಸದ ಮೇಲೆ. ಎರಡು ಟ್ಯಾಂಕಿಗೆ ತಳದಲ್ಲಿ ಪೈಪ್ ಹಾಕಿದ್ರೆ ಮೊದಲು ರಭಸವಾಗಿ ಹರಿಯುತ್ತೆ, ಮಟ್ಟ ಹತ್ರ ಬಂದಂಗೆ ತೊಟ್ಟಿಕ್ಕುತ್ತೆ, ಇಲ್ಲೂ ಅದೇ ಕಥೆ. ಕೊನೇ 20 ಪರ್ಸೆಂಟಿಗೇ ಗಂಟೆಗಟ್ಲೆ ಹಿಡಿಯುತ್ತೆ.

ತಂತಿಪುರಾಣ:
ಮಾಮ ಹೇಳಿದ್ದು ಸರಿ, ಆದ್ರೆ ಕನ್ವರ್ಟರ್ ಯಾವ ಕಾಲದ್ದು ನೋಡಿ. ಹಳೇವು ಸದಾ 13.6ರ ಆಸುಪಾಸಲ್ಲೇ ಇರ್ತವೆ, ಅದಕ್ಕೇ ನಿಧಾನ. ಮೂರು ಹಂತದವು ಮೊದಲು 14.4ಕ್ಕೆ ಏರಿಸಿ ತಳ್ತವೆ, ಆಮೇಲೆ 13.6, ಗಾಡಿ ಸುಮ್ನೆ ನಿಂತಿದ್ರೆ 13.2. ಈ ಕೊನೇದಿಲ್ಲದೆ ತಿಂಗಳುಗಟ್ಲೆ ಚುಚ್ಚಿಟ್ರೆ ನೀರು ಆರಿಹೋಗುತ್ತೆ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡ್ತಿರಿ.
ಮತ್ತೆ ವೈರ್! ಇದನ್ನ ಯಾರೂ ನೋಡಲ್ಲ. ಕನ್ವರ್ಟರ್ ಒಳಗೆಲ್ಲೋ, ಬ್ಯಾಟರಿ ಮುಂದೆ ಗಾಡಿ ಎಳೆಯೋ ಕೊಕ್ಕೆ ಹತ್ರ. 10 ಗೇಜ್ ದಪ್ಪದ ತಾಮ್ರದ ವೈರ್ ಹೋಗಿ ಬರೋದು ಸೇರಿ 10 ಮೀಟರ್ ಇದ್ರೆ, 20 ಆಂಪ್ ಹರಿಯುವಾಗ ಸುಮಾರು 0.65 ವೋಲ್ಟ್ ದಾರೀಲೇ ಖೋತಾ. ಚಾರ್ಜ್ ಆಗ್ತಿರುವಾಗ್ಲೇ ಎರಡೂ ತುದಿ ಅಳೀರಿ.

ಹೊಸಗಾಲಿ:
ಅಳೆದೆ. ಕನ್ವರ್ಟರ್ ಹತ್ರ 13.6, ಬ್ಯಾಟರಿ ಟರ್ಮಿನಲ್ ಮೇಲೆ 12.9!! ನೆಗೆಟಿವ್ ವೈರ್ ಚಾಸಿಸ್‌ಗೆ ಸೇರೋ ಕಡೆ ಬೋಲ್ಟ್ ಪೂರಾ ತುಕ್ಕು.

ತಂತಿಪುರಾಣ:
ಸಿಕ್ತಲ್ಲ ಕಳ್ಳ. ಮೊದ್ಲು ಪ್ಲಗ್ ಕಿತ್ತು, ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಆ ಬೋಲ್ಟ್ ತುಕ್ಕು ಉಜ್ಜಿ. ವಾಪಸ್ ಹಾಕುವಾಗ ಪ್ಲಸ್ ಮೈನಸ್ ಅದಲುಬದಲಾದ್ರೆ ಕನ್ವರ್ಟರ್‌ನ ರಿವರ್ಸ್ ಫ್ಯೂಸ್ ಢಂ ಅನ್ನುತ್ತೆ, ನಾನು ಎರಡ್ಸಲ ಸುಟ್ಟಿದೀನಿ.

ಹೊಸಗಾಲಿ:
ಉಜ್ಜಿ ಬಿಗಿ ಮಾಡ್ದೆ, ಈಗ ಬ್ಯಾಟರಿ ಹತ್ರ 13.3. ರಾತ್ರಿಯೆಲ್ಲ ಚುಚ್ಚಿಟ್ಟು ಬೆಳಿಗ್ಗೆ ಕಿತ್ತೆ, ಮಧ್ಯಾಹ್ನ ನೋಡಿದ್ರೆ 12.6 ಇದೆ. ದಪ್ಪ ವೈರ್ ಮುಂದಿನ ವಾರ.