ಪ್ರಶ್ನೋತ್ತರ: ನಮ್ಮ 69 ಜಿಬಿ ಎಲ್ಲಿ ಹೋಯಿತು?

ನಮಸ್ಕಾರ. ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ, ಡೇಟಾ ರಿಕವರಿ ಕೆಲಸ ಮಾಡುತ್ತೇನೆ. ಜಿಬಿ, ಟಿಬಿ ಲೆಕ್ಕದ ಬಗ್ಗೆ ಏನಿದ್ದರೂ ಕೇಳಿ. ಅಂಗಡಿ ಮುಚ್ಚಿದ ಮೇಲೆ ಉತ್ತರ ಬರೆಯುತ್ತೇನೆ.

ಸೇಡಂ: ಅಣ್ಣಾ, 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಕಂಪ್ಯೂಟರ್ 931 ಜಿಬಿ ತೋರಿಸುತ್ತಿದೆ. ಅಂಗಡಿಯವನು ಮೋಸ ಮಾಡಿದನಾ?

ಉತ್ತರ: ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ. 1 ಟಿಬಿ ಅಂದರೆ ಅವರಿಗೆ 1000 ಜಿಬಿ, ಅಂದರೆ 1 ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನೇ 1024ರಿಂದ ಮೂರು ಸಲ ಭಾಗಿಸುತ್ತದೆ, 931 ಬರುತ್ತದೆ. ತೊಗರಿ ಸೇರಿನಲ್ಲಿ ಅಳೆದರೆ ಒಂದು ಅಂಕಿ, ಕೆಜಿಯಲ್ಲಿ ತೂಗಿದರೆ ಇನ್ನೊಂದು. ತೊಗರಿ ಅಷ್ಟೇ ಇರುತ್ತದೆ ಅಲ್ವಾ?

ಜೇವರ್ಗಿ: ನನ್ನದು 500 ಜಿಬಿ, 465 ತೋರಿಸುತ್ತಿದೆ ಸರ್.

ಉತ್ತರ: ಅದೇ ಲೆಕ್ಕ.

ಚಿತ್ತಾಪುರ: ಫಾರ್ಮ್ಯಾಟ್ ಹೊಡೆದರೆ ಆ 69 ಜಿಬಿ ವಾಪಸ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಬರುವುದಿಲ್ಲ. ಒಳಗಿದ್ದ ಫೈಲೂ ಹೋಗುತ್ತವೆ. ಇಂಥದ್ದನ್ನು ಮುಂದೆ ಕಳಿಸಬೇಡಿ.

ಯಾದಗಿರಿ: ಫೋನ್ 128 ಜಿಬಿದು ತಗೊಳ್ಳಲಾ, 256ದಾ?

ಆಳಂದ: ಅಣ್ಣಾ, ತಂಗಿ ಮದುವೆ ಫೋಟೋ, ವಿಡಿಯೋ ಎಲ್ಲಾ 2 ಟಿಬಿ ಪೆನ್ ಡ್ರೈವ್‌ಗೆ ಹಾಕಿಸಿದ್ದೆ. ರಸ್ತೆ ಬದಿ 600 ರೂಪಾಯಿಗೆ ತಂದದ್ದು. ಅರಿಶಿನದ ಫೋಟೋ ತೆರೆಯುತ್ತವೆ, ಅಕ್ಕಿಕಾಳಿನವು ತೆರೆಯುವುದಿಲ್ಲ. ಹೆಸರು, ಸೈಜು ಎಲ್ಲಾ ಕಾಣುತ್ತದೆ.

ಉತ್ತರ: ಅಕ್ಕಾ, ಮೊದಲು ಅದನ್ನು ತೆಗೆದಿಡಿ. ಇನ್ನೊಂದು ಫೈಲೂ ಹಾಕಬೇಡಿ. ಹೋದ ವಾರ ಇಂಥದ್ದೇ ಒಂದು ಬಿಚ್ಚಿದ್ದೆ. ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡ್, ಅಂಟು ಹಾಕಿ ಕೂರಿಸಿದ್ದರು. ಅದರ ಮೇಲೆ 32 ಜಿಬಿ ಅಂತ ಇತ್ತು. ಕಂಪ್ಯೂಟರ್ ಕೇಳಿದರೆ 2 ಟಿಬಿ ಅನ್ನುವ ಹಾಗೆ ಚಿಪ್‌ನಲ್ಲಿ ಸುಳ್ಳು ಬರೆದಿರುತ್ತಾರೆ. 32 ತುಂಬಿದ ಮೇಲೆ ಹಾಕಿದ್ದು ಉಳಿಯುವುದಿಲ್ಲ. ಕೆಲವು ಹಳೆಯದರ ಮೇಲೇ ಬರೆಯುತ್ತವೆ, ಕೆಲವು ಸುಮ್ನೆ ಬಿಟ್ಟುಬಿಡುತ್ತವೆ. ಹೆಸರಿನ ಪಟ್ಟಿ ಬೇರೆ ಕಡೆ ಇರುವುದರಿಂದ ಎಲ್ಲಾ ಇದ್ದ ಹಾಗೆ ಕಾಣುತ್ತದೆ. ತೆರೆಯುವ ಫೋಟೋ ಇವತ್ತೇ ಬೇರೆ ಕಡೆ ಕಾಪಿ ಮಾಡಿ. ಉಳಿದವು ಆ ಪೆನ್ ಡ್ರೈವ್‌ನಲ್ಲಿ ಸಿಗುವ ಆಸೆ ಕಡಿಮೆ. ಫೋಟೋಗ್ರಾಫರ್‌ಗೆ ಈಗಲೇ ಫೋನ್ ಮಾಡಿ, ಅವರ ಕ್ಯಾಮೆರಾ ಕಾರ್ಡ್ ಅಳಿಸದ ಹಾಗೆ ಹೇಳಿ.

ಹುಮನಾಬಾದ್: ಚೆಕ್ ಡಿಸ್ಕ್ ಕಮಾಂಡ್ ಕೊಡಿ ಅಕ್ಕಾ, ಎಲ್ಲಾ ಸರಿಹೋಗುತ್ತದೆ. ಫಾರ್ವರ್ಡ್ ಬಂದಿತ್ತು.

ಉತ್ತರ: ಕೊಡಬೇಡಿ ಅಕ್ಕಾ! ಅದು ಪಟ್ಟಿ ಸರಿ ಮಾಡಲು ಹೋಗಿ ಇದ್ದ ಫೈಲನ್ನೂ ಕತ್ತರಿಸಬಹುದು. ಹುಮನಾಬಾದಿನವರೇ, ಅದು ಅವರ ಮನೆಯ ಮದುವೆ ಫೋಟೋ. ದಯವಿಟ್ಟು ಗೊತ್ತಿಲ್ಲದ್ದು ಹೇಳಬೇಡಿ.

ಶಹಾಬಾದ್: ಮನೆ ಇಂಟರ್‌ನೆಟ್ 100 ಎಂಬಿ ಪ್ಲಾನ್. ಡೌನ್‌ಲೋಡ್ 12 ದಾಟುವುದಿಲ್ಲ.

ಉತ್ತರ: ಪ್ಲಾನ್ ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಮೆಗಾಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. ಭಾಗಿಸಿ, 12.5 ಬರುತ್ತದೆ.

ಅಫಜಲಪುರ: ಸಾವಿರದ ಲೆಕ್ಕ ಎಲ್ಲಿಂದ ಬಂತು? 20 ವರ್ಷದಿಂದ ಮಕ್ಕಳಿಗೆ 1 ಕೆಬಿ ಅಂದರೆ 1024 ಅಂತಲೇ ಹೇಳಿಕೊಡುತ್ತಿದ್ದೇನೆ.

ಬೀದರ್: ಸರ್, 1024ಕ್ಕೆ 1998ರಲ್ಲೇ ಕಿಬಿಬೈಟ್ ಅಂತ ಬೇರೆ ಹೆಸರು ಕೊಟ್ಟಿದ್ದಾರೆ. ಕಿಲೋ ಅಂದರೆ ಸಾವಿರ.

ಅಫಜಲಪುರ: ಪುಸ್ತಕದಲ್ಲಿ ಹಾಗಿಲ್ಲ. ಒಂದು ಅಕ್ಷರಕ್ಕೆ ಒಂದು ಬೈಟ್, 1024 ಅಕ್ಷರಕ್ಕೆ ಒಂದು ಕೆಬಿ.

ಬೀದರ್: ಅದು ಇಂಗ್ಲಿಷಿಗೆ ಸರ್. ಕನ್ನಡಕ್ಕೆ ಆ ಲೆಕ್ಕ ಇಲ್ಲ. ನೀವು ಹಳೆಯದನ್ನೇ ಹಿಡಿದಿದ್ದೀರಿ.

ಅಫಜಲಪುರ: ದೊಡ್ಡವರ ಹತ್ತಿರ ಹೀಗಾ ಮಾತಾಡೋದು?

ಉತ್ತರ: ಹುಡುಗ ಹೇಳಿದ್ದು ಸರಿ, ದನಿ ಸರಿಯಿಲ್ಲ. ಯೂನಿಕೋಡ್ ಫೈಲಿನಲ್ಲಿ, ಅಂದರೆ ಯುಟಿಎಫ್-8ನಲ್ಲಿ, ‘ಕಲಬುರಗಿ’ ಅಂತ ಬರೆದರೆ 21 ಬೈಟ್. ಐದು ಅಕ್ಷರ, ಒಂದು ಕೊಂಬು, ಒಂದು ಗುಡಿಸು, ಒಂದೊಂದಕ್ಕೂ 3 ಬೈಟ್. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 10. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿ ಸೈಜು ನೋಡಿ ಸರ್, ಮಕ್ಕಳಿಗೂ ತೋರಿಸಿ.

ಯಾದಗಿರಿ: 128ದಾ 256ದಾ ಅಂತ ಕೇಳಿದ್ದೆ.

ಬಸವಕಲ್ಯಾಣ: 32 ಜಿಬಿ ಪೆನ್ ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದೆ. 5 ಜಿಬಿ ಸಿನಿಮಾ ಹೋಗುತ್ತಿಲ್ಲ.

ಉತ್ತರ: ಪೆನ್ ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟ್‌ನಲ್ಲಿ ಇರಬೇಕು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಇದ್ದದ್ದು ಬೇರೆ ಕಡೆ ಕಾಪಿ ಮಾಡಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಚಿಂಚೋಳಿ: 1 ಟಿಬಿ ತಂದೆ, 931 ತೋರಿಸುತ್ತಿದೆ.

ಉತ್ತರ: ಮೊದಲನೇ ಪ್ರಶ್ನೆ ಓದಿ ರೀ.

ಹುಮನಾಬಾದ್: ಕೇಳಿದವರಿಗೆ ಬೈಯೋದಾದರೆ ಕೇಳಿ ಅಂತ ಯಾಕೆ ಕರೆದಿರಿ?

ಆಳಂದ: ಅಣ್ಣಾ, ಫೋಟೋಗ್ರಾಫರ್ ಕಾರ್ಡ್ ಅಳಿಸಿಲ್ಲವಂತೆ! ಆದರೆ ಕಾರ್ಡಿನ ಮೇಲೆ 64 ಜಿಬಿ ಇದೆ, ಕಂಪ್ಯೂಟರ್ 59.6 ತೋರಿಸುತ್ತದಂತೆ. ಇದೂ ನಕಲಿನಾ?

ಉತ್ತರ: ಅಲ್ಲ ಅಕ್ಕಾ, ಅದು ಸರಿಯಾದ ಲೆಕ್ಕ. ಕಾರ್ಡ್ ಕ್ಯಾಮೆರಾಗೆ ವಾಪಸ್ ಹಾಕಬೇಡಿ ಅನ್ನಿ. ನಾಳೆ ಬೆಳಗ್ಗೆ ಅಂಗಡಿಗೆ ತನ್ನಿ, ಎರಡು ಕಾಪಿ ಮಾಡಿಕೊಡುತ್ತೇನೆ.