ಉಬುಂಟುವಿನಲ್ಲಿ ಟೆಕ್ ಲೈವ್: '2023 < 2025' ಎಂದು ಮುನಿಸಿಕೊಂಡರೆ ಏನು ಮಾಡುವುದು?

ಪ್ರಶ್ನೆ – ಗಣಿತ ಶಿಕ್ಷಕಿ, ಶಿರಾ ಗೇಟ್, ತುಮಕೂರು

ಸರ್, ನಮಸ್ಕಾರ. ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಗಣಿತದ ಪ್ರಶ್ನೆಕೋಶವೊಂದನ್ನು, ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು 24.04. ಸಹೋದ್ಯೋಗಿಯೊಬ್ಬರು ಕಳುಹಿಸಿದ ಮಾದರಿ ಫೈಲನ್ನು ಓಡಿಸಿದರೆ, ಕೋಷ್ಟಕ ಹಾಕುವ ಒಂದು ಪ್ಯಾಕೇಜ್ 'ನೀವು ಕೇಳಿದ ಆವೃತ್ತಿ ಇಲ್ಲ, ಹಳೆಯದು ಮಾತ್ರ ಇದೆ' ಎಂದು ಎಚ್ಚರಿಸುತ್ತದೆ. ಅಪ್‌ಡೇಟ್ ಮಾಡೋಣವೆಂದು, ಪ್ಯಾಕೇಜುಗಳನ್ನು ನವೀಕರಿಸುವ ಸಾಧನವಾದ ಟಿಎಲ್‌ಎಂಜಿಆರ್ ಓಡಿಸಿದೆ. ಅದು ಮೊದಲು 'ಡೆಬಿಯನ್ ಮೇಲೆ ಓಡುತ್ತಿದ್ದೇನೆ, ಬಳಕೆದಾರರ ಮೋಡ್‌ಗೆ ಹೋಗುತ್ತೇನೆ' ಎಂದಿತು. ನಂತರ 'ದೂರದ ಭಂಡಾರ ಸ್ಥಳೀಯದ್ದಕ್ಕಿಂತ ಹೊಸದು, 2023 < 2025' ಎಂದು ಹೇಳಿ ನಿಂತುಬಿಟ್ಟಿತು. ನಾನು ಹಾಕಿಕೊಂಡಿರುವುದು ಉಬುಂಟು, ಅದು ಡೆಬಿಯನ್ ಎನ್ನುತ್ತದೆ. ಎಲ್ಲವನ್ನೂ ತೆಗೆದು ಮತ್ತೆ ಹಾಕಬೇಕೇ? ಇನ್ನು ಎರಡು ವಾರದಲ್ಲಿ ಪ್ರತಿ ತೆಗೆಸಬೇಕಾಗಿದೆ.

ಉತ್ತರ – ಡಿಟಿಪಿ ಮತ್ತು ಲಿನಕ್ಸ್ ಕೆಲಸ, ಬಿ.ಎಚ್. ರಸ್ತೆ

ಮೇಡಂ, ಏನನ್ನೂ ತೆಗೆಯಬೇಡಿ. ನಿಮ್ಮ ಯಂತ್ರದಲ್ಲಿ ಯಾವುದೂ ಕೆಟ್ಟಿಲ್ಲ.

ಉಬುಂಟು ತನ್ನ ಪ್ಯಾಕೇಜುಗಳನ್ನು ಬಹುಮಟ್ಟಿಗೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಿಂದ ತರುತ್ತದೆ, ಆ ಮಾತು ಬಂದದ್ದು ಅದಕ್ಕೆ. ಲೇಟೆಕ್ ಮತ್ತು ಅದರ ಪ್ಯಾಕೇಜುಗಳ ಒಟ್ಟು ಕಟ್ಟಾದ ಟೆಕ್ ಲೈವ್ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ, ಹೊಸದಾಗಿ ಹೊರಬರುತ್ತದೆ. ಉಬುಂಟು 22.04ರಲ್ಲಿ ಇರುವುದು 2021ರ ಟೆಕ್ ಲೈವ್, ನಿಮ್ಮ 24.04ರಲ್ಲಿ 2023ರದ್ದು. ಉಬುಂಟು ಅದನ್ನು ಅಲ್ಲಿಗೇ ನಿಲ್ಲಿಸಿ, ಭದ್ರತೆಯ ತೇಪೆಗಳನ್ನು ಮಾತ್ರ ಕೊಡುತ್ತದೆ. ಟಿಎಲ್‌ಎಂಜಿಆರ್ ಟೆಕ್ ಲೈವ್‌ನ ಸ್ವಂತ ಮೇಲ್ವಿಚಾರಕ. ಅದು ನೋಡುವುದು ಈ ವರ್ಷದ ಭಂಡಾರವನ್ನು. ಒಂದು ವರ್ಷದ ಮರದ ಮೇಲೆ ಇನ್ನೊಂದು ವರ್ಷದ ಕೊಂಬೆ ಕಸಿ ಮಾಡಲು ಅದು ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು.

ಎರಡು ವಾರ ಮಾತ್ರ ಇರುವುದರಿಂದ ಈಗ ಇಷ್ಟು ಮಾಡಿ. ಆ ಒಂದು ಪ್ಯಾಕೇಜಿನ ಹೊಸ ಫೈಲನ್ನು ಟೆಕ್ ಪ್ಯಾಕೇಜುಗಳ ಆನ್‌ಲೈನ್ ಭಂಡಾರವಾದ ಸಿಟಾನ್‌ನಿಂದ ಇಳಿಸಿಕೊಂಡು, ನಿಮ್ಮ ಹೋಮ್ ಫೋಲ್ಡರಿನಲ್ಲಿ 'ಟೆಕ್ಸ್ಮ್ಫ್' ಎಂಬ ಫೋಲ್ಡರ್, ಅದರೊಳಗೆ 'ಟೆಕ್ಸ್', ಅದರೊಳಗೆ 'ಲೇಟೆಕ್ಸ್' ಮಾಡಿ ಅಲ್ಲಿ ಇಡಿ. (ಈ ಗುಂಪಿನಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬೇಕೆಂಬ ನಿಯಮ ಇರುವುದರಿಂದ ಹೀಗೆ ಬರೆದಿದ್ದೇನೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬೆರಳಚ್ಚಿಸಿ.) ಲೇಟೆಕ್ ಮೊದಲು ಮನೆಯೊಳಗೆ ಹುಡುಕಿ, ಆಮೇಲೆ ಉಗ್ರಾಣಕ್ಕೆ ಹೋಗುತ್ತದೆ. ಹೊಸ ಪ್ಯಾಕೇಜ್ ಹೊಸ ಲೇಟೆಕ್ ತಿರುಳನ್ನೇ ಕೇಳಿದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಪ್ರತಿಕ್ರಿಯೆ – ಎಂಜಿನಿಯರಿಂಗ್ ವಿದ್ಯಾರ್ಥಿ, ಕ್ಯಾತಸಂದ್ರ

ಇಷ್ಟೆಲ್ಲ ಏಕೆ ಸರ್? ಉಬುಂಟುವಿನ ಸ್ಥಾಪನಾ ಆಜ್ಞೆಯಾದ ಆಪ್ಟ್‌ನಲ್ಲಿ 'ಟೆಕ್ಸ್‌ಲೈವ್-ಫುಲ್' ಎಂದು ಕೊಟ್ಟರೆ ಎಲ್ಲವೂ ಬರುತ್ತದೆಯಲ್ಲ? ನಾನು ಹಾಗೆಯೇ ಮಾಡಿಕೊಂಡಿದ್ದೇನೆ.

ಉತ್ತರ

ಬರುತ್ತದಪ್ಪ, ಆದರೆ ಎಲ್ಲವೂ 2023ರದ್ದೇ ಬರುತ್ತದೆ. ಮೇಡಂ ಅವರ ತೊಂದರೆ ಪ್ಯಾಕೇಜ್ ಇಲ್ಲ ಎಂಬುದಲ್ಲ, ಹಳೆಯದು ಎಂಬುದು. ಹಲವು ಜಿಬಿ ಇಳಿಸಿದ ಮೇಲೂ ಅದೇ ಎಚ್ಚರಿಕೆ ಎದುರಿಗೆ ನಿಂತಿರುತ್ತದೆ. ಕನ್ನಡಕ್ಕಾಗಿ ಆಪ್ಟ್‌ನಿಂದ ಬೇಕಾದದ್ದು ಝೀಟೆಕ್ (ಯೂನಿಕೋಡ್ ಓದಬಲ್ಲ ಟೆಕ್) ಪ್ಯಾಕೇಜ್, ಲೇಟೆಕ್-ಎಕ್ಸ್‌ಟ್ರಾ, ಲ್ಯಾಂಗ್-ಅದರ್ ಮತ್ತು ಕನ್ನಡ ಫಾಂಟುಗಳು, ಅಷ್ಟೇ. ಆ 'ಲ್ಯಾಂಗ್-ಅದರ್' ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕನ್ನಡ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕೆಂಬ ನಿಯಮಗಳು ಇರುವುದು ಅದರಲ್ಲೇ. ಅದಿಲ್ಲದಿದ್ದರೆ 'ವಿದ್ಯಾರ್ಥಿನಿಲಯಗಳಲ್ಲಿರುವವರಿಗೆ' ಎಂಬಂಥ ಪದ ಸಾಲಿನ ಅಂಚಿಗೆ ಬಂದಾಗ, ಒಂದೋ ಅಂಚು ದಾಟಿ ಹೊರಗೆ ಚಾಚಿಕೊಳ್ಳುತ್ತದೆ, ಇಲ್ಲವೇ ಮುಂದಿನ ಸಾಲಿಗೆ ಜಿಗಿದು ಹಿಂದಿನ ಸಾಲಿನಲ್ಲಿ ಹಲ್ಲುದುರಿದ ಬಾಯಿಯಂಥ ಬಿಳಿಜಾಗ ಉಳಿಸುತ್ತದೆ.

ಅಂದ ಹಾಗೆ, 'ಟೆಕ್ಸ್' ಅಲ್ಲ, ಟೆಕ್. ಕೊನೆಯಲ್ಲಿರುವುದು ಇಂಗ್ಲಿಷಿನ ಎಕ್ಸ್ ಅಲ್ಲ, ಗ್ರೀಕ್ ಅಕ್ಷರ. ಅದನ್ನು ಕಟ್ಟಿದ ಡೊನಾಲ್ಡ್ ಕ್ನೂತ್ ಅವರ ಅಪೇಕ್ಷೆಯೇ ಹಾಗೆ. ಅದರ ಆವೃತ್ತಿ ಸಂಖ್ಯೆಯೂ ತಮಾಷೆಯದು: ಪ್ರತಿ ತಿದ್ದುಪಡಿಗೂ ಒಂದು ಅಂಕಿ ಸೇರುತ್ತಾ ಪೈ ಬೆಲೆಯ ಕಡೆಗೆ ಸಾಗುತ್ತದೆ. 2021ರ ತಿದ್ದುಪಡಿಗೆ 3.141592653 ಆಯಿತು. ಗಣಿತದ ಮೇಡಂ ಅವರಿಗೆ ಇದು ಹಿಡಿಸಬಹುದು.

ಪ್ರಶ್ನೆ – ಗಣಿತ ಶಿಕ್ಷಕಿ (ಮೂರು ವಾರಗಳ ನಂತರ)

ಸರ್, ಪ್ರಶ್ನೆಕೋಶ ಮುಗಿಯಿತು, ತುಂಬಾ ಧನ್ಯವಾದಗಳು. ಈಗ ಬಿಡುವಿದೆ, ಆದ್ದರಿಂದ 2025ರ ಟೆಕ್ ಲೈವ್ ಅನ್ನೇ ನೇರವಾಗಿ ಹಾಕಿಕೊಳ್ಳಲು ಹೊರಟೆ. ಅಧಿಕೃತ ಇನ್‌ಸ್ಟಾಲರ್ ಇಳಿಸಿ, ಸುಡೊ (ನಿರ್ವಾಹಕರ ಅಧಿಕಾರ) ಜೊತೆ ಓಡಿಸಿದೆ. ಮುಕ್ಕಾಲು ಪಾಲು ಆಗಿತ್ತು, ಕರೆಂಟ್ ಹೋಗಿ ವೈಫೈ ನಿಂತಿತು. ಮತ್ತೆ ಓಡಿಸಿ ಹೇಗೋ ಮುಗಿಸಿದೆ. ಆದರೆ ಟರ್ಮಿನಲ್‌ನಲ್ಲಿ ಝೀಲೇಟೆಕ್ ಆವೃತ್ತಿ ಕೇಳಿದರೆ ಈಗಲೂ 'ಟೆಕ್ ಲೈವ್ 2023, ಡೆಬಿಯನ್' ಎನ್ನುತ್ತದೆ. ಹೊಸ ಫೋಲ್ಡರಿನ ದಾರಿಯನ್ನು ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದ ಮೇಲೆ ಟರ್ಮಿನಲ್ ಸರಿಹೋಯಿತು, ಲೇಟೆಕ್ ಬರೆಯುವ ಎಡಿಟರ್ ಆದ ಟೆಕ್‌ಸ್ಟುಡಿಯೋ ಮಾತ್ರ ಹಳೆಯದನ್ನೇ ಹಿಡಿಯುತ್ತಿದೆ. ಜೊತೆಗೆ ಸುಡೊ ಹಾಕಿ ಟಿಎಲ್‌ಎಂಜಿಆರ್ ಓಡಿಸಿದರೆ 'ಅಂಥ ಆಜ್ಞೆ ಇಲ್ಲ' ಎನ್ನುತ್ತದೆ, ಸುಡೊ ಇಲ್ಲದಿದ್ದರೆ 'ಬರೆಯಲು ಅನುಮತಿ ಇಲ್ಲ' ಎನ್ನುತ್ತದೆ.

ಉತ್ತರ

ಈ ಜಗಳ ಬಿಡಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ ಮೇಡಂ. ತಪ್ಪು ನಿಮ್ಮದಲ್ಲ, ಮೂರು ಕಡೆ ಮೂರು ದಾರಿಪಟ್ಟಿಗಳು (ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕೆಂಬ ಪಟ್ಟಿಗಳು) ಇರುವುದರದು.

ಬ್ಯಾಶ್‌ಆರ್‌ಸಿಯನ್ನು ಓದುವುದು ಟರ್ಮಿನಲ್ ಮಾತ್ರ. ಮೆನುವಿನಿಂದ ತೆರೆಯುವ ಟೆಕ್‌ಸ್ಟುಡಿಯೋ ಅದನ್ನು ಕಂಡೇ ಇರುವುದಿಲ್ಲ. ಅದೇ ಸಾಲನ್ನು 'ಪ್ರೊಫೈಲ್' ಎಂಬ ಫೈಲಿಗೆ (ಮುಂದೆ ಚುಕ್ಕಿ ಇರುವುದು) ಹಾಕಿ, ಒಮ್ಮೆ ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗಿ. ಹೊಸ ಫೋಲ್ಡರ್ ಪಟ್ಟಿಯ ಮೊದಲಲ್ಲಿ ಇರಬೇಕು, ಕೊನೆಯಲ್ಲಿ ಅಲ್ಲ. ಕೊನೆಯಲ್ಲಿ ಇದ್ದರೆ ಉಬುಂಟುವಿನದೇ ಮೊದಲು ಸಿಗುತ್ತದೆ.

ಸುಡೊ ವಿಷಯ ಬೇರೆ. ಅದು ಭದ್ರತೆಗಾಗಿ ನಿಮ್ಮ ಪಟ್ಟಿಯನ್ನು ಬದಿಗಿಟ್ಟು ತನ್ನದೇ ಪಟ್ಟಿಯನ್ನು ಬಳಸುತ್ತದೆ, ನಿಮ್ಮ ಹೊಸ ಫೋಲ್ಡರ್ ಅದರಲ್ಲಿ ಇಲ್ಲ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ಸುಡೊ ಬೇಕಾಗಿಯೇ ಇರಲಿಲ್ಲ, ಹೋಮ್ ಫೋಲ್ಡರಿನಲ್ಲೇ ಹಾಕಿಕೊಳ್ಳಬಹುದಿತ್ತು. ಈಗ ಆಗಿರುವುದನ್ನು ಮತ್ತೆ ಮಾಡುವುದು ಬೇಡ. ಯುಎಸ್‌ಆರ್-ಲೋಕಲ್ ಒಳಗಿನ ಟೆಕ್ಸ್‌ಲೈವ್-2025 ಫೋಲ್ಡರಿನ ಮಾಲೀಕತ್ವವನ್ನು ಒಮ್ಮೆ 'ಚೌನ್' ಆಜ್ಞೆಯಿಂದ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಪಹಣಿ ತಿದ್ದುಪಡಿಯಷ್ಟು ಕಷ್ಟವಿಲ್ಲ. ಆಮೇಲೆ ಸುಡೊ ಇಲ್ಲದೆಯೇ ಟಿಎಲ್‌ಎಂಜಿಆರ್‌ಗೆ 'ಅಪ್‌ಡೇಟ್, ಸೆಲ್ಫ್, ಆಲ್' ಎಂದರೆ, ಮೊದಲು ತನ್ನನ್ನು ತಾನು ನವೀಕರಿಸಿಕೊಂಡು ಬಳಿಕ ಉಳಿದವನ್ನು ಮಾಡುತ್ತದೆ.

ಉಬುಂಟುವಿನ ಹಳೆಯದನ್ನು ಈಗಲೇ ಅಳಿಸಬೇಡಿ. ಎರಡೂ ಬೇರೆ ಬೇರೆ ಜಾಗದಲ್ಲಿವೆ, ಒಂದಕ್ಕೊಂದು ತಾಗುವುದಿಲ್ಲ. ಒಂದು ತಿಂಗಳು ಹೊಸದರಲ್ಲಿ ಕೆಲಸ ಮಾಡಿ ನೋಡಿ, ಆಮೇಲೆ ತೆಗೆಯಿರಿ. ಮುಂದೆ ಟೆಕ್‌ಸ್ಟುಡಿಯೋ ಮತ್ತೆ ಹಾಕುವ ಸಂದರ್ಭ ಬಂದರೆ, 'ಶಿಫಾರಸು ಮಾಡಿದವು ಬೇಡ' ಎಂಬ ಆಯ್ಕೆ ಕೊಡಿ, ಇಲ್ಲವಾದರೆ ಅದು ಹಳೆಯ ಟೆಕ್ ಲೈವ್ ಅನ್ನು ಕೈಹಿಡಿದು ಕರೆತರುತ್ತದೆ.

ಇನ್‌ಸ್ಟಾಲ್ ನಡುವೆ ನಿಂತರೆ ಹೆದರಬೇಕಾಗಿಲ್ಲ. ಅದೇ ಫೋಲ್ಡರಿನಿಂದ ಮತ್ತೆ ಓಡಿಸಿದರೆ, ಹಿಂದಿನ ಆಯ್ಕೆಗಳನ್ನೇ ಮುಂದುವರಿಸಲೇ ಎಂದು ಅದೇ ಕೇಳುತ್ತದೆ. ಪೂರ್ಣ ಸ್ಥಾಪನೆ ಎಂಟು ಜಿಬಿ ಆಸುಪಾಸು ತಿನ್ನುತ್ತದೆ, ಅದರಲ್ಲಿ ಸುಮಾರು ಅರ್ಧ ಕೈಪಿಡಿಗಳು ಮತ್ತು ಮೂಲ ಫೈಲುಗಳು. ಡಿಸ್ಕ್ ಚಿಕ್ಕದಿದ್ದವರು ಅವೆರಡನ್ನೂ ಬಿಡಬಹುದು. ನಾನು ಮಾತ್ರ ಕೈಪಿಡಿಗಳನ್ನು ಬಿಡುವುದಿಲ್ಲ. ನೆಟ್ ಇಲ್ಲದ ದಿನ ಅವೇ ಗುರುಗಳು.

ಪ್ರಶ್ನೆ – ಲ್ಯಾಬ್ ಸಹಾಯಕ, ತಿಪಟೂರು

ಸರ್, ನಮ್ಮಲ್ಲಿ ಇಪ್ಪತ್ತು ಯಂತ್ರಗಳಿವೆ, ನೆಟ್ ಆಮೆಯ ನಡಿಗೆಯದು. ಇಪ್ಪತ್ತು ಸಲ ಇಳಿಸಬೇಕೇ?

ಉತ್ತರ

ಒಂದೇ ಸಲ ಸಾಕು. ಟೆಕ್ ಲೈವ್ ಐಎಸ್‌ಒ ರೂಪದಲ್ಲೂ (ಎಲ್ಲವೂ ಒಂದೇ ಫೈಲಾಗಿ) ಸಿಗುತ್ತದೆ, ನೆಟ್ ಚೆನ್ನಾಗಿರುವ ಕಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಒಂದು ಯಂತ್ರದಲ್ಲಿ ಹಾಕಿದ ಮೇಲೆ ಆ ವರ್ಷದ ಫೋಲ್ಡರ್ ಅನ್ನು ಇಡಿಯಾಗಿ ಲ್ಯಾನ್ ಮೂಲಕ ಉಳಿದವಕ್ಕೆ ನಕಲು ಮಾಡಬಹುದು. ಪ್ರೊಸೆಸರ್ ಬಗೆ ಒಂದೇ ಆಗಿದ್ದರೆ ಸಾಕು. ಟೆಕ್ ತನ್ನ ಸಾಮಾನುಗಳನ್ನು ತಾನಿರುವ ಜಾಗದಿಂದಲೇ ಲೆಕ್ಕಹಾಕಿ ಹುಡುಕಿಕೊಳ್ಳುತ್ತದೆ. ಪ್ರತಿ ಯಂತ್ರದಲ್ಲಿ ದಾರಿ ಬರೆದರೆ ಮುಗಿಯಿತು.

ಪ್ರತಿಕ್ರಿಯೆ – ನಿವೃತ್ತ ಕಂಪೋಸಿಟರ್, ಚಿಕ್ಕಪೇಟೆ

ನಾನು ಮೊಳೆ ಜೋಡಿಸುತ್ತಿದ್ದವನು, ಈಗ ಮೊಮ್ಮಗನ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಕಲಿಯುತ್ತಿದ್ದೇನೆ. ನಮಗೆ ಒತ್ತಕ್ಷರ ಎಂದರೆ ಪ್ರತ್ಯೇಕ ಮೊಳೆ, ಕಣ್ಣು ಮುಚ್ಚಿದರೂ ಬೆರಳು ಆ ಖಾನೆಗೆ ಹೋಗುತ್ತಿತ್ತು. ಇದರಲ್ಲಿ 'ಸೂರ್ಯ' ಎಂದು ಬರೆದರೆ 'ರ್' ಒಂದು ಕಡೆ, 'ಯ' ಒಂದು ಕಡೆ ಬೀಳುತ್ತದೆ. ಇಷ್ಟು ದೊಡ್ಡ ತಂತ್ರಾಂಶಕ್ಕೆ ಒಂದು ಅರ್ಕಾವತ್ತು ಬರುವುದಿಲ್ಲವೇ?

ಉತ್ತರ

ಬರುತ್ತದೆ ಯಜಮಾನರೇ, ಹೇಳಬೇಕು ಅಷ್ಟೇ. ಫಾಂಟ್ ಕರೆಯುವ ಸಾಲಿನಲ್ಲಿ ಹೆಸರಿನ ಜೊತೆಗೆ 'ಸ್ಕ್ರಿಪ್ಟ್ = ಕನ್ನಡ' ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಅಕ್ಷರಗಳನ್ನು ಕೂಡಿಸುವ ನಿಯಮಗಳು ಫಾಂಟಿನೊಳಗೇ ಇರುತ್ತವೆ, ಯಾವ ಲಿಪಿಯ ನಿಯಮ ಬೇಕೆಂದು ತಿಳಿಸದಿದ್ದರೆ ಅವು ಮಲಗಿಯೇ ಇರಬಹುದು. ನೀವು ಬಳಸುತ್ತಿರುವುದು ಝೀಲೇಟೆಕ್ ಬದಲು ಲುವಾಲೇಟೆಕ್ ಆಗಿದ್ದರೆ 'ರೆಂಡರರ್ = ಹಾರ್ಫ್‌ಬಜ್' ಎಂಬುದೂ ಬೇಕು (ಹಾರ್ಫ್‌ಬಜ್ ಎಂದರೆ ಅಕ್ಷರ ಕೂಡಿಸುವ ಸಾಧನ); 2020ರ ಟೆಕ್ ಲೈವ್‌ನಿಂದ ಈ ಸೌಲಭ್ಯ ಅದರಲ್ಲೇ ಸೇರಿದೆ. ಲುವಾಲೇಟೆಕ್ ಮೊದಲ ಸಲ ಓಡುವಾಗ ಯಂತ್ರದಲ್ಲಿರುವ ಫಾಂಟುಗಳನ್ನೆಲ್ಲ ಎಣಿಸುತ್ತಾ ಕೂರುತ್ತದೆ. ಕೆಟ್ಟಿತೆಂದು ಮೊಮ್ಮಗ ನಿಲ್ಲಿಸಿಬಿಟ್ಟಾನು, ಬಿಡಬೇಡಿ. ಕಾಫಿ ಕುಡಿದು ಬನ್ನಿ.

ಫಾಂಟಿಗೆ ನೋಟೊ ಸೆರಿಫ್ ಕನ್ನಡ ಸಾಕು. ಉಬುಂಟುವಿನಲ್ಲಿ 'ಗುಬ್ಬಿ' ಮತ್ತು 'ನವಿಲು' ಎಂಬ ಫಾಂಟುಗಳೂ ಸಿಗುತ್ತವೆ. ಜೊತೆಗೆ ನವಿಲು ಇರುವುದರಿಂದ ಆ ಗುಬ್ಬಿಯನ್ನು ಹಕ್ಕಿ ಎಂದೇ ತಿಳಿಯೋಣ, ನಮ್ಮ ಪಕ್ಕದ ತಾಲ್ಲೂಕು ಎಂದು ಬೀಗುವುದು ಬೇಡ. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ತಂತ್ರಾಂಶದ ಫೈಲುಗಳನ್ನು ಮಾತ್ರ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಯೇ ತನ್ನಿ.

ಪ್ರಶ್ನೆ – ಗಣಿತ ಶಿಕ್ಷಕಿ

ಸರ್, ನೀವು ಹೇಳಿದಂತೆ ಎಲ್ಲವೂ ಆಯಿತು. ಟೆಕ್‌ಸ್ಟುಡಿಯೋ ಕೂಡ 2025 ಎನ್ನುತ್ತಿದೆ. ನಿನ್ನೆ ಅಪ್‌ಡೇಟ್ ಕೂಡ ಮಾಡಿದೆ. ಆದರೆ ಅದೇ ಕೋಷ್ಟಕದ ಪ್ಯಾಕೇಜ್ ಈಗಲೂ ತಾನು ಹಳೆಯ ಆವೃತ್ತಿ ಎಂದೇ ಲಾಗ್‌ನಲ್ಲಿ ಬರೆಯುತ್ತಿದೆ! ಟಿಎಲ್‌ಎಂಜಿಆರ್ ಕೇಳಿದರೆ ಹೊಸದೇ ಇದೆ ಎನ್ನುತ್ತದೆ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ

ಇಬ್ಬರೂ ಅಲ್ಲ ಮೇಡಂ, ತಪ್ಪು ನನ್ನದು. ಟರ್ಮಿನಲ್‌ನಲ್ಲಿ 'ಕೆಪಿಎಸ್‌ಇವಿಚ್' ಎಂದು ಬರೆದು ಆ ಪ್ಯಾಕೇಜಿನ ಫೈಲ್ ಹೆಸರು ಕೊಡಿ. ಲೇಟೆಕ್ ಯಾವ ಪ್ರತಿಯನ್ನು ಎತ್ತಿಕೊಳ್ಳುತ್ತಿದೆ ಎಂದು ಪೂರ್ತಿ ವಿಳಾಸ ಹೇಳುತ್ತದೆ. ನಿಮ್ಮ ಹೋಮ್ ಫೋಲ್ಡರಿನ ವಿಳಾಸ ಬರುತ್ತದೆ ಎಂದು ಈಗಲೇ ಹೇಳಬಲ್ಲೆ. ಅದು ಅಂದು ಅವಸರಕ್ಕೆ ನಾನೇ ಇಡಿಸಿದ ಫೈಲು, ನಿನ್ನೆಯ ಅಪ್‌ಡೇಟ್ ತಂದದ್ದಕ್ಕಿಂತ ಈಗ ಅದೇ ಹಳೆಯದು. ಮನೆಯೊಳಗೆ ಮೊದಲು ಹುಡುಕುತ್ತದೆ ಎಂದಿದ್ದೆನಲ್ಲ, ಹೊಸ ಟೆಕ್ ಲೈವ್ ಕೂಡ ಅದನ್ನೇ ಪಾಲಿಸುತ್ತಿದೆ. ಕೆಲಸ ಮುಗಿದ ಮೇಲೆ ಅಳಿಸಿ ಎಂದು ಅಂದೇ ಹೇಳಬೇಕಿತ್ತು.

ಪ್ರತಿಕ್ರಿಯೆ – ಗಣಿತ ಶಿಕ್ಷಕಿ

ಅದೇ ವಿಳಾಸ ಬಂತು ಸರ್. ಅಳಿಸಿದೆ, ಎಚ್ಚರಿಕೆ ಹೋಯಿತು. ಆದರೆ ಮುಂದಿನ ಮಾರ್ಚ್‌ನಲ್ಲಿ 2026 ಬಂದಾಗ ಮತ್ತೆ ಇದೇ ಪಾಡೇ?

ಉತ್ತರ

ಅದು 2026 ಎಂಬ ಹೊಸ ಫೋಲ್ಡರಿನಲ್ಲಿ ಪಕ್ಕದಲ್ಲೇ ಕೂರುತ್ತದೆ, ಪ್ರೊಫೈಲ್ ಫೈಲಿನಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು. ಮಾರ್ಚ್ ನಿಮಗೆ ಪರೀಕ್ಷೆಯ ಕಾಲ, ಆಗ ಕೈಹಾಕಬೇಡಿ. ಬೇಸಿಗೆ ರಜೆಯಲ್ಲಿ ಹಾಕಿಕೊಳ್ಳಿ, ಈ ಸಲ ಸುಡೊ ಇಲ್ಲದೆ.